ಇಪ್ಪತ್ತೈದು ಅಂಕದ ಹಸಿವು

ಕುವೈತಿನ ನಮ್ಮ ಕರಾವಳಿ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು ಹಸಿದಿರುವವರು ಅಧ್ಯಕ್ಷರ ಹೆಂಡತಿ. ಇದು ನನ್ನ ಅಭಿಪ್ರಾಯವಲ್ಲ. ಅಳತೆ. ಇಪ್ಪತ್ತೇಳಕ್ಕೆ ಇಪ್ಪತ್ತೈದು ಅಂಕ. ಅಳೆದವಳು ನಾನು. ಎರಡು ಸಲ ಕೂಡಿ ನೋಡಿದ್ದೇನೆ.

ಅಧ್ಯಕ್ಷರ ಹೆಸರು ರೋಹಿದಾಸ. ಅವರದು ಅಡುಗೆ ಸರಬರಾಜಿನ ವ್ಯಾಪಾರ. ದಿನಕ್ಕೆ ನಾಲ್ಕು ಸಾವಿರ ಊಟ ಅವರ ಅಡುಗೆಮನೆಯಿಂದ ಹೊರಟು ಅಬು ಹಲೀಫಾದ ಕೆಲಸಗಾರರ ಕ್ಯಾಂಪುಗಳನ್ನು ತಲುಪುತ್ತದೆ. ಹೆಂಡತಿ ಆಶಾಲತಾ. ಅವರ ಮನೆ ಸಾಲ್ಮಿಯಾದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಹನ್ನೊಂದನೆಯ ಮಹಡಿ.

ಅದೇ ಅಳತೆಯಲ್ಲಿ ಸೊನ್ನೆ ಪಡೆದವರು ಸುಬೈದಾ. ಅವರು ಮೈದಾನ್ ಹವಲ್ಲಿಯಲ್ಲಿ ಕೂಟ ನಡೆಸುವ ಹೆಂಗಸರ ಆಶ್ರಯದ ನಾಲ್ಕನೆಯ ಹಾಸಿಗೆಯಲ್ಲಿ ಮಲಗುತ್ತಿದ್ದರು. ಐದನೆಯ ಹಾಸಿಗೆ ನನ್ನದು.

ಆಶ್ರಯವೆಂದರೆ ನಾಲ್ಕನೆಯ ಮಹಡಿಯ ಒಂದು ಕೋಣೆ, ಒಂದು ಅಡುಗೆಮೂಲೆ, ಒಂದು ಬಚ್ಚಲು. ಎರಡಂತಸ್ತಿನ ಕಬ್ಬಿಣದ ಮಂಚಗಳು ಮೂರು. ಒಟ್ಟು ಹಾಸಿಗೆ ಆರು. ಒಂದೊಂದರ ಅಗಲ ಎಪ್ಪತ್ತೈದು ಸೆಂಟಿಮೀಟರ್. ಲಿಫ್ಟು ಫೆಬ್ರವರಿಯಿಂದ ಕೆಟ್ಟಿದೆ. ಕುಡಿಯುವ ನೀರಿನ ಕ್ಯಾನುಗಳನ್ನು ಎಂಬತ್ತೆಂಟು ಮೆಟ್ಟಿಲು ಹೊತ್ತು ತರಬೇಕು. ತರುತ್ತಿದ್ದವರು ಹೆಚ್ಚಾಗಿ ಸುಬೈದಾ. ನಮ್ಮಲ್ಲಿ ಅತ್ಯಂತ ಹಿರಿಯರು ಅವರು, ಮತ್ತು ನಮ್ಮಲ್ಲಿ ಅತ್ಯಂತ ಕೆಟ್ಟ ಮಂಡಿಗಳು ಅವರವು. ನಾನು ಬೇಡವೆಂದರೆ, ನಿನ್ನದು ಓದಿದ ಮಂಡಿ ಮಾರಾಯ್ತಿ, ಹಾಳಾಗುದು ಬೇಡ, ಎನ್ನುತ್ತಿದ್ದರು.

ಸುಬೈದಾ ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು. ಹತ್ತೊಂಬತ್ತು ವರ್ಷ ಇಲ್ಲಿ ಮನೆಕೆಲಸ ಮಾಡಿದವರು. ಮನೆಯ ಅಜ್ಜಿಯನ್ನು ಎತ್ತಿ ಕೂರಿಸಿ, ತೊಳೆದು, ಉಣ್ಣಿಸಿ, ಹನ್ನೆರಡು ರತ್ನಗಂಬಳಿಗಳನ್ನು ತಾರಸಿಯ ಮೇಲೆ ಬಡಿದು ಒಗೆದು, ಅಜ್ಜಿ ಸತ್ತ ನಲವತ್ತನೆಯ ದಿನ ಕೆಲಸ ಕಳೆದುಕೊಂಡರು. ಬ್ಲೀಚು ತಿಂದ ಅಂಗೈಯಲ್ಲಿ ಗೆರೆಗಳಿಲ್ಲ. ಕಚೇರಿಯ ಬೆರಳಗುರುತಿನ ಯಂತ್ರ ಅವರನ್ನು ಮೂರು ಸಲ ತಿರಸ್ಕರಿಸಿತು. ನಾಲ್ಕನೆಯ ಸಲ ಅಧಿಕಾರಿ ಬೇರೆ ಬೆರಳು ಕೇಳಿದ. ಅದರಲ್ಲೂ ಇರಲಿಲ್ಲ. ಕಫೀಲ್, ಎಂದರೆ ವೀಸಾ ಕೊಟ್ಟ ಮನೆಯ ಯಜಮಾನ, ಅವರ ಇಕಾಮಾ ಎಂಬ ವಾಸದ ಪರವಾನಗಿಯನ್ನು ನವೀಕರಿಸಲಿಲ್ಲ. ಓಡಿಹೋದಳು ಎಂದು ದೂರು ಕೊಟ್ಟ. ಓಡಲು ಆ ಮಂಡಿಗಳಿಗೆ ಸಾಧ್ಯವೇ ಎಂದು ಯಾರೂ ಪರೀಕ್ಷಿಸಲಿಲ್ಲ.

ನನ್ನ ಹೆಸರು ನವ್ಯಶ್ರೀ. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಒಂದು ರೋಗಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಒಂದು ಭಾನುವಾರ ಬೆಳಿಗ್ಗೆ ಹೋದಾಗ ಬಾಗಿಲಿಗೆ ಸರಪಳಿ ಇತ್ತು. ಒಳಗೆ ಶೀತಕದಲ್ಲಿ ಹದಿನೇಳು ರಕ್ತದ ಮಾದರಿಗಳಿದ್ದವು. ಅವುಗಳ ಫಲಿತಾಂಶಕ್ಕೆ ಜನ ಕಾಯುತ್ತಿದ್ದರು. ನನ್ನ ಪಾಸ್‌ಪೋರ್ಟ್ ಮಾಲೀಕನ ಬಳಿ ಉಳಿಯಿತು. ನಾನು ಈ ಕೋಣೆಗೆ ಬಂದೆ. ಅಚ್ಚುಕಟ್ಟಾಗಿ ಬರೆಯುತ್ತೇನೆಂದು ಆಶ್ರಯದ ದಾಖಲೆಗಳನ್ನು ನನಗೆ ವಹಿಸಿದರು.

ಕೋಣೆಯ ಬಾಡಿಗೆ ಮತ್ತು ತಿಂಗಳ ಅಕ್ಕಿ ಬರುವುದು ಒಂದು ದೊಡ್ಡ ಕಂಪೆನಿಯ ಧರ್ಮನಿಧಿಯಿಂದ. ಸ್ಥಳೀಯ ಆಶ್ರಯ ಮತ್ತು ಆಹಾರ ಭದ್ರತೆಗಾಗಿ ಕೊಡುವ ಅನುದಾನ. ಈ ವರ್ಷ ನಿಧಿಯವರು ಒಂದು ನಿಯಮ ಸೇರಿಸಿದರು. ಹಸಿವನ್ನು ಅಳೆದು ತೋರಿಸಬೇಕು. ಪ್ರಶ್ನೆಗಳು ಒಂಬತ್ತು. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರು ಅಂಕ. ಹೆಚ್ಚು ಅಂಕ ಪಡೆದ ಆರು ಮಂದಿಗೆ ಆರು ಹಾಸಿಗೆ. ಅಂತಿಮ ಪಟ್ಟಿಯ ಒಂದು ಪ್ರತಿ ನಮ್ಮ ಕಟ್ಟಡದ ಹಾರಿಸ್‌ನ ಕೈಗೆ ಹೋಗುತ್ತದೆ. ಪಟ್ಟಿಯಲ್ಲಿಲ್ಲದವರನ್ನು ಆ ಕಾವಲುಗಾರ ಮೆಟ್ಟಿಲು ಹತ್ತಲು ಬಿಡುವುದಿಲ್ಲ.

ಯಾರನ್ನು ಅಳೆಯಬೇಕು ಎಂಬ ಪ್ರಶ್ನೆ ಬಂತು. ಕೋಣೆಯಲ್ಲಿರುವ ಆರು ಜನರನ್ನು ಕೇಳಿದರೆ ಸಾಕಲ್ಲವೇ ಎಂದರು ರೋಹಿದಾಸ. ನಾನು ಒಪ್ಪಲಿಲ್ಲ. ಅದು ಪಕ್ಷಪಾತದ ಮಾದರಿ ಎಂದು ವಿವರಿಸಿದೆ. ಕೂಟದ ಎಲ್ಲ ಹೆಂಗಸರನ್ನೂ ಕೇಳಬೇಕು, ಹೆಸರು ಮರೆಮಾಡಿ ಕ್ರಮಸಂಖ್ಯೆ ಮಾತ್ರ ನಿಧಿಗೆ ಕಳುಹಿಸಬೇಕು ಎಂದೆ. ಅವರಿಗೆ ಹಿಡಿಸಿತು. ‘ವೈಜ್ಞಾನಿಕ’ ಎಂಬ ಶಬ್ದವನ್ನು ಅರ್ಜಿಯಲ್ಲಿ ಎರಡು ಕಡೆ ಹಾಕಿಸಿದರು. ಈ ತಪ್ಪು ಪೂರ್ತಿಯಾಗಿ ನನ್ನದು.

ಅರವತ್ತಮೂರು ಹೆಂಗಸರನ್ನು ಪ್ರಶ್ನಿಸಿದೆ. ಸಾಲ್ಮಿಯಾದ ಹೆಚ್ಚಿನವರು ನಕ್ಕು ಎಲ್ಲದಕ್ಕೂ ಇಲ್ಲವೆಂದರು. ಆಶಾಲತಾ ಹಾಗೆ ಮಾಡಲಿಲ್ಲ. ಅವರು ಪ್ರಾಮಾಣಿಕರು. ಫೋನಿನಲ್ಲಿ ನಲವತ್ತು ನಿಮಿಷ ಯೋಚಿಸಿ ಉತ್ತರಿಸಿದರು.

ಕಳೆದ ಮೂವತ್ತು ದಿನಗಳಲ್ಲಿ ಊಟವಿಲ್ಲದೆ ಮಲಗಿದ್ದುಂಟೇ? ರಾತ್ರಿಯ ಊಟವನ್ನು ಅವರು ಜನವರಿಯಲ್ಲೇ ಬಿಟ್ಟಿದ್ದರು. ಹದಿನಾರು ಗಂಟೆ ಬಾಯಿ ಮುಚ್ಚಿರಬೇಕೆಂದು ಫೋನಿನಲ್ಲಿ ಒಂದು ಗಡಿಯಾರ ಇಟ್ಟುಕೊಂಡಿದ್ದರು. ಇಡೀ ಹಗಲು ಇಡೀ ರಾತ್ರಿ ಏನೂ ತಿನ್ನದೆ ಇದ್ದದ್ದುಂಟೇ? ಏಕಾದಶಿ ಎರಡು, ಸಂಕಷ್ಟಿ ಒಂದು, ಮತ್ತು ವಾರಕ್ಕೊಂದು ದಿನ ಬರೀ ನೀರು. ಇಷ್ಟವಿಲ್ಲದ್ದನ್ನು ತಿನ್ನಬೇಕಾಯಿತೇ? ದಿನಾ ಓಟ್ಸ್ ತಿನ್ನುತ್ತೇನೆ, ಇದಕ್ಕೆ ಮೂರಕ್ಕಿಂತ ಹೆಚ್ಚು ಅಂಕ ಇಲ್ಲವೇ ಎಂದು ಕೇಳಿದರು. ಆಹಾರದ ಬಗ್ಗೆ ಚಿಂತೆಯಾಯಿತೇ?

"ಎದ್ದಲ್ಲಿಂದ ಮಲಗುವವರೆಗೆ ಬೇರೆ ಚಿಂತೆಯೇ ಇಲ್ಲ ಮಾರಾಯ್ತಿ," ಎಂದರು. ಅವರ ಧ್ವನಿ ನಿಜವಾಗಿಯೂ ಕುಗ್ಗಿತ್ತು.

ಏಕೆ ತಿನ್ನಲಿಲ್ಲ ಎಂಬ ಪ್ರಶ್ನೆ ನಮೂನೆಯಲ್ಲಿ ಇರಲಿಲ್ಲ. ಇಪ್ಪತ್ತೈದು ಎಂದು ಬರೆದೆ.

ಸುಬೈದಾರನ್ನು ಅವರ ಹಾಸಿಗೆಯ ಮೇಲೆಯೇ ಕುಳಿತು ಕೇಳಿದೆ. ಆ ತಿಂಗಳು ಹತ್ತೊಂಬತ್ತನೆಯ ತಾರೀಕಿಗೆ ಅಕ್ಕಿ ಮುಗಿದಿತ್ತು. ನಾವು ಐವರು ಸಿಕ್ಕ ಖುಬ್ಜ್ ರೊಟ್ಟಿ ಹರಿದು ಹಂಚಿಕೊಂಡು, ಚಹಾದಲ್ಲಿ ಅದ್ದಿ ತಿಂದೆವು. ಸುಬೈದಾ ಬೇರೆ ಕ್ರಮ ಇಟ್ಟುಕೊಂಡಿದ್ದರು. ಬೆಳಿಗ್ಗೆ ಅವರು ಏನೂ ತಿನ್ನುತ್ತಿರಲಿಲ್ಲ. ಹನ್ನೊಂದು ಗಂಟೆಯವರೆಗೆ ಕಾಯುತ್ತಿದ್ದರು. ಯಾರಾದರೂ ಏನಾದರೂ ತಂದುಕೊಟ್ಟರೆ ಎಲ್ಲರೊಡನೆ ತಿನ್ನುವರು. ತರದಿದ್ದರೆ ಕೈಕಾಲು ಮುಖ ತೊಳೆದು ವುಳೂ ಮಾಡಿ, ಮೆಕ್ಕಾದ ಕಡೆಗೆ ಕುಳಿತು, ಇವತ್ತು ನೋಂಬು ಎಂದು ಮನಸ್ಸಿನಲ್ಲಿ ಸಂಕಲ್ಪ ಮಾಡುವರು. ರಂಜಾನಿನದಲ್ಲದ ಐಚ್ಛಿಕ ಉಪವಾಸಕ್ಕೆ, ಬೆಳಗಿನಿಂದ ಬಾಯಿಗೆ ಏನೂ ಹಾಕದಿದ್ದರೆ, ಮಧ್ಯಾಹ್ನದೊಳಗೆ ಆ ನಿಯ್ಯತ್ ಮಾಡಿದರೂ ನಡೆಯುತ್ತದಂತೆ. ಅವರ ಪಾಲಿನ ಖುಬ್ಜ್ ನಮಗೆ ಬರುತ್ತಿತ್ತು. ತಿಂಗಳು ಮುಗಿಯುವವರೆಗಿನ ಆ ಹನ್ನೊಂದು ದಿನಗಳಲ್ಲಿ ಅವರು ಒಂಬತ್ತು ನೋಂಬು ಹಿಡಿದರು. ನಾನು ಎಣಿಸಿದ್ದೇನೆ.

ಒಂಬತ್ತು ಪ್ರಶ್ನೆಗಳಿಗೂ ಅವರು ಇಲ್ಲವೆಂದರು.

ಸುಬೈದಾದ, ಇಡೀ ದಿನ ತಿನ್ನದೆ ಇದ್ದಿರಲ್ಲ, ಎಂದು ನೆನಪಿಸಿದೆ. ದಾದ ಎಂದರೆ ಬ್ಯಾರಿಯಲ್ಲಿ ಅಕ್ಕ.

"ಅದು ನೋಂಬು."

ಅಕ್ಕಿ ಇರಲಿಲ್ಲವಲ್ಲ, ಎಂದೆ.

"ಅಕ್ಕಿ ಇಲ್ಲದ್ದು ಅಕ್ಕಿಯ ಸಂಗತಿ. ನೋಂಬು ಹಿಡಿದದ್ದು ನಾನು. ನಾನು ಅಲ್ಲಾಹನಿಗೆ ಕೊಟ್ಟದ್ದನ್ನು ನೀನು ಆ ಕಂಪೆನಿಯವರಿಗೆ ಬರೆದು ಕೊಡ್ತೀಯಾ?"

ಸೊನ್ನೆ ಬರೆದೆ. ಉತ್ತರ ತಿದ್ದುವುದು ನನ್ನ ವೃತ್ತಿಗೆ ದ್ರೋಹ ಎಂದು ಆಗ ನಂಬಿದ್ದೆ.

ಹತ್ತು ದಿನಗಳಲ್ಲಿ ನಿಧಿಯಿಂದ ಪಟ್ಟಿ ಬಂತು, ಕ್ರಮಸಂಖ್ಯೆಗಳ ಮುಂದೆ ಕೂಟದ ಕಚೇರಿ ಹೆಸರು ತುಂಬಿತ್ತು. ಮೊದಲ ಹೆಸರು ಆಶಾಲತಾ ರೋಹಿದಾಸ. ನಂತರ ನಾವು ಐವರು, ಹದಿನೆಂಟರಿಂದ ಹದಿಮೂರರವರೆಗೆ. ಹದಿಮೂರು ನನ್ನದು. ಆರನೆಯ ಜಾಗ ತುಂಬಿತ್ತು. ಸುಬೈದಾರ ಸಾಲಿನ ಮುಂದೆ ‘ಆಹಾರ ಭದ್ರತೆ ಸಾಧಿಸಿದ್ದಾರೆ, ನಿರ್ಗಮನಕ್ಕೆ ಅರ್ಹರು’ ಎಂದಿತ್ತು. ಅವರು ಬಿಡಬೇಕಾದ ನಾಲ್ಕನೆಯ ಹಾಸಿಗೆಗೆ ಆಶಾಲತಾರ ಹೆಸರು ಬಂದಿತ್ತು.

ರೋಹಿದಾಸ ಆ ಸಂಜೆಯೇ ಎಂಬತ್ತೆಂಟು ಮೆಟ್ಟಿಲು ಹತ್ತಿ ಬಂದರು. ಬೆವರು ಒರೆಸಿಕೊಂಡು, ಕೂರಲು ಜಾಗ ಹುಡುಕಿ, ಇಲ್ಲವೆಂದು ತಿಳಿದು, ಬಾಗಿಲಿಗೆ ಒರಗಿ ನಿಂತರು. ನಾಲ್ಕು ಸಾವಿರ ಜನಕ್ಕೆ ಊಟ ಹಾಕುವವನು ಹೆಂಡತಿಗೆ ಹಾಕುವುದಿಲ್ಲ ಎಂದು ಕಾಗದದಲ್ಲಿ ಬಂದುಬಿಟ್ಟಿದೆ ಎಂದರು. ತಿದ್ದಿಸಿ ಎಂದೆ. ತಿದ್ದಿದರೆ ಮಾಹಿತಿ ತಿರುಚಿದ ಆರೋಪ, ಎರಡು ವರ್ಷ ಅನುದಾನ ಬಂದ್ ಎಂದು ನಿಯಮ ತೋರಿಸಿದರು. ಆಶಾಲತಾ ಹಾಸಿಗೆ ಬೇಡವೆಂದು ಬರೆದುಕೊಟ್ಟರೂ ಆಗುವುದಿಲ್ಲವಂತೆ. ತೀವ್ರ ಹಸಿವಿನವರು ನಿರಾಕರಿಸಿದರೆ ಅದು ಒತ್ತಡದಿಂದ ಎಂದು ನಿಧಿ ಭಾವಿಸುತ್ತದೆ, ತನಿಖೆ ಆಗುತ್ತದೆ, ತನಿಖೆ ಆಗುವುದು ಗಂಡನ ಮೇಲೆ.

ಆದ್ದರಿಂದ ಅವರು ಒಂದು ದಾರಿ ಹುಡುಕಿದ್ದರು. ಸೋಮವಾರ ನಿಧಿಯ ಅಧಿಕಾರಿ ತಪಾಸಣೆಗೆ ಬರುತ್ತಾರೆ. ಅಂದು ಬೆಳಿಗ್ಗೆ ಹತ್ತರಿಂದ ಆಶಾಲತಾ ಬಂದು ನಾಲ್ಕನೆಯ ಹಾಸಿಗೆಯಲ್ಲಿ ಕೂರುತ್ತಾರೆ. ಸುಬೈದಾ ತಾರಸಿಗೆ ಹೋಗಬೇಕು. ಅದು ಆಗಸ್ಟ್ ತಿಂಗಳು. ತಾರಸಿಯ ಕಾಂಕ್ರೀಟಿನ ಉಷ್ಣಾಂಶ ಮಧ್ಯಾಹ್ನ ಅರವತ್ತು ದಾಟುತ್ತದೆ ಎಂದೆ. ನೀರಿನ ಟ್ಯಾಂಕಿನ ನೆರಳುಂಟಲ್ಲ ಎಂದರು. ಅಧಿಕಾರಿ ಹೋದ ಮೇಲೆ ಏನು ಎಂದು ಕೇಳಿದೆ. ಹಾರಿಸ್‌ಗೆ ಪಟ್ಟಿ ಹೋಗುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನಿದೆ ಎಂದರು. ತಪಾಸಣೆಯ ದಿನ ಅಧಿಕಾರಿ ಒಬ್ಬರನ್ನು ಮರುಪ್ರಶ್ನೆ ಮಾಡಬಹುದಂತೆ. ಆಗ ಸುಬೈದಾ ತಾರಸಿಯಿಂದ ಇಳಿದು ಬಂದು ಹಸಿವುಂಟು ಎಂದು ಒಪ್ಪಿಕೊಂಡರೆ ಏಳನೆಯ ಹೆಸರಾಗಿ ಸೇರಿಸಲು ಶಿಫಾರಸು ಮಾಡುತ್ತೇನೆ ಎಂದರು. ಸ್ವಲ್ಪ ಕಣ್ಣೀರಿದ್ದರೆ ಒಳ್ಳೆಯದು ಎಂದೂ ಸೇರಿಸಿದರು.

ಮೂರು ದಿನ ನಾನು ಸುಬೈದಾರ ಬೆನ್ನು ಬಿಡಲಿಲ್ಲ. ಒಂಬತ್ತರಲ್ಲಿ ನಾಲ್ಕಕ್ಕೆ ಹೌದು ಎಂದರೆ ಸಾಕು, ಹನ್ನೆರಡು ಅಂಕ ಬರುತ್ತದೆ ಎಂದು ವಿವರಿಸಿದೆ. ಬೀದಿಗೆ ಇಳಿದರೆ ಪೊಲೀಸರು ಹಿಡಿಯುತ್ತಾರೆ, ಕಫೀಲ್‌ನ ದೂರು ಬಾಕಿ ಇದೆ ಎಂದೆ. ಅವರು ಆಗುವುದಿಲ್ಲವೆಂದು ಗೋಣು ಅಲ್ಲಾಡಿಸುತ್ತಾ ಮಂಚದ ಕೆಳಗೆ ತೂರಿ ಕೆಲಸ ಮಾಡುತ್ತಿದ್ದರು. ಆಶಾಲತಾರ ಬಿಳಿ ಚರ್ಮಕ್ಕೆ ತಿಗಣೆ ಕಚ್ಚಬಾರದೆಂದು ನಾಲ್ಕನೆಯ ಹಾಸಿಗೆಯನ್ನು ಸ್ವಚ್ಛ ಮಾಡಿಸುವಂತೆ ರೋಹಿದಾಸ ಫೋನು ಮಾಡಿದ್ದರು. ಮಾಡಿಸುವುದೆಂದರೆ ಸುಬೈದಾ ಮಾಡುವುದು. ಕಬ್ಬಿಣದ ಕೀಲುಗಳಿಗೆ ಕುದಿನೀರು ಹೊಯ್ದರು. ಸಂದುಗಳಿಂದ ಸೂಜಿಯಲ್ಲಿ ತಿಗಣೆ ತೆಗೆದರು. ಉಗುರಿನ ಬದಿ ಸುಲಿದು ರಕ್ತ ಬಂತು. ಅದನ್ನು ಬಾಯಲ್ಲಿ ಹೀರಿಕೊಂಡು ಮತ್ತೆ ಸೂಜಿ ಹಿಡಿದರು. ತಾವು ಬಿಡಬೇಕಾದ ಹಾಸಿಗೆಯನ್ನು ಅವರು ಎರಡು ಹಗಲು ತೊಳೆದರು. ಎದುರಿನ ಮಂಚದ ಮೇಲಂತಸ್ತಿನಿಂದ, ನಮ್ಮ ಐವರಲ್ಲಿ ಒಬ್ಬಳಾದ ಶಮೀಲಾ ತಲೆ ಕೆಳಗೆ ಹಾಕಿ, ಸುಬೈದಾದ, ನನ್ನದೂ ಒಂದು ತೊಳೆದುಬಿಡಿ, ನಾನು ಹದಿನೆಂಟು ಅಂಕದವಳು, ಎಂದಳು. ಸುಬೈದಾ ನಕ್ಕರು. ಹದಿನೆಂಟಕ್ಕೆ ಬರೀ ತಣ್ಣೀರು, ಬಿಸಿನೀರು ಇಪ್ಪತ್ತೈದಕ್ಕೆ ಮಾತ್ರ, ಎಂದರು.

ಸೋಮವಾರ ಬೆಳಿಗ್ಗೆ ಡಬ್ಬಿಯಲ್ಲಿ ಉಳಿದಿದ್ದ ಒಂದೂವರೆ ಲೋಟ ಅಕ್ಕಿಯನ್ನು ಹಾಕಿ ಸುಬೈದಾ ಗಂಜಿ ಬೇಯಿಸಿಟ್ಟರು.

ಹತ್ತು ಗಂಟೆಗೆ ಆಶಾಲತಾ ಬಂದರು. ಚಾಲಕ ಹಿಂದಿನಿಂದ ಮಡಿಸುವ ಮೆತ್ತನೆಯ ಹಾಸು, ತಲೆದಿಂಬು, ಪರಿಮಳದ ಬುಡ್ಡಿ ಹೊತ್ತು ತಂದ. ಅವರು ಹೊಸ ಹತ್ತಿಯ ಸೀರೆ ಉಟ್ಟಿದ್ದರು. ಬಡವರಂತೆ ಕಾಣಬೇಕೆಂದು ಅದನ್ನು ಎರಡು ಸಲ ಒಗೆಸಿದ್ದೇನೆ ಎಂದು ನನ್ನಲ್ಲಿ ಮೆಲ್ಲನೆ ಹೇಳಿದರು. ಸುಳ್ಳು ಹೇಳುವುದು ಅವರಿಗೆ ಇಷ್ಟವಿರಲಿಲ್ಲ. ಅದಕ್ಕಾಗಿ ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಮೆಟ್ಟಿಲು ಹತ್ತಿದ ಆಯಾಸಕ್ಕೆ ತುಟಿ ಬೆಳ್ಳಗಾಗಿತ್ತು. ನಾಲ್ಕನೆಯ ಹಾಸಿಗೆಯ ಅಂಚಿನಲ್ಲಿ ಕುಳಿತರು.

ಸುಬೈದಾ ತಾರಸಿಗೆ ಹೋಗಲಿಲ್ಲ. ಅಡುಗೆಮೂಲೆಯಲ್ಲಿ ನಿಂತರು. ರೋಹಿದಾಸ ಎರಡು ಸಲ ಕಣ್ಸನ್ನೆ ಮಾಡಿದರು. ಮೂರನೆಯ ಸಲ ಮಾಡುವಷ್ಟರಲ್ಲಿ ನಿಧಿಯ ಅಧಿಕಾರಿ ಬಾಗಿಲಿಗೆ ಬಂದಾಗಿತ್ತು.

ಅಧಿಕಾರಿ ರಾನ್ಸನ್, ಮಂಗಳೂರಿನ ತರುಣ. ಕೈಯಲ್ಲಿ ಟ್ಯಾಬ್ಲೆಟ್. ಹಾಸಿಗೆಗಳನ್ನು ಎಣಿಸಿದರು, ಆರು ಬಂತು. ಆಶಾಲತಾರ ಮುಂದೆ ಮಂಡಿಯೂರಿ, ಮ್ಯಾಡಮ್, ಕೊನೆಯ ಸಲ ಊಟ ಮಾಡಿದ್ದು ಯಾವಾಗ ಎಂದು ಕೇಳಿದರು. ಆಶಾಲತಾ ಸತ್ಯ ಹೇಳಿದರು. ಇಪ್ಪತ್ತೆರಡು ಗಂಟೆಯಾಯಿತು. ರಾನ್ಸನ್ ರೋಹಿದಾಸರ ಕಡೆ ನೋಡಿದರು. ರೋಹಿದಾಸ ಗೋಡೆಯ ಕಡೆ ನೋಡಿದರು. ಎರಡನೆಯ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಆಶಾಲತಾರ ಕಣ್ಣು ಮೇಲಕ್ಕೆ ಹೋಯಿತು. ತಲೆ ಕಬ್ಬಿಣದ ಕಂಬಕ್ಕೆ ತಾಗಿತು. ನಾನು ನಾಡಿ ಹಿಡಿದೆ. ರಕ್ತದ ಸಕ್ಕರೆ ಇಳಿದಿರಬೇಕು; ನಟನೆಯಲ್ಲ.

ಯಾರಿಗೂ ಏನೂ ತೋಚಲಿಲ್ಲ. ಸುಬೈದಾಗೆ ತೋಚಿತು. ಬಟ್ಟಲಲ್ಲಿ ಗಂಜಿ, ಒಂದು ಚಿಟಿಕೆ ಉಪ್ಪು, ಕೊನೆಯ ಚಮಚ ಸಕ್ಕರೆ. ನೆಲಕ್ಕೆ ಮಂಡಿಯೂರಿದಾಗ ಮಂಡಿ ಸದ್ದು ಮಾಡಿತು. ಆಶಾಲತಾರ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಹತ್ತೊಂಬತ್ತು ವರ್ಷ ಮುದುಕಿಯೊಬ್ಬಳಿಗೆ ಉಣ್ಣಿಸಿದ ಕೈಯಿಂದ ಕುಡಿಸಿದರು. ಆಶಾಲತಾ ಮೊದಲು ಗುಟುಕರಿಸಿದರು. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ರಾನ್ಸನ್ ಟ್ಯಾಬ್ಲೆಟ್ ಎತ್ತಿದರು. ಬಟ್ಟಲು ಸ್ವಲ್ಪ ಮೇಲಕ್ಕೆ ಎಂದು ವಿನಂತಿಸಿದರು. ಇನ್ನೊಮ್ಮೆ, ಮುಖ ಈ ಕಡೆ. ಈ ಅಮ್ಮ ಯಾರು ಎಂದು ಕೇಳಿದರು.

"ನಮ್ಮ ಸ್ವಯಂಸೇವಕಿ," ಎಂದರು ರೋಹಿದಾಸ. ಅವರ ಮುಖದಲ್ಲಿ ಬೆಳಕು ಬಂತು. ಈ ಸಮಸ್ಯೆಗೆ ಇಷ್ಟು ಸುಂದರವಾದ ಪರಿಹಾರವನ್ನು ಅವರೂ ಊಹಿಸಿರಲಿಲ್ಲ.

ರಾನ್ಸನ್ ದಾಖಲಿಸಿದರು. ಸ್ವಯಂಸೇವಕರು ಆಶ್ರಯದಲ್ಲಿ ವಾಸಿಸುವಂತಿಲ್ಲ ಎಂಬ ನಿಯಮದ ಪೆಟ್ಟಿಗೆಗೆ ಗುರುತು ಹಾಕಿದರು. ಅದು ಹಸಿರಾಯಿತು.

ಬಟ್ಟಲು ಖಾಲಿಯಾಯಿತು. ಸುಬೈದಾ ಅದನ್ನು ತೆಗೆದು ಪಕ್ಕಕ್ಕೆ ಇಟ್ಟರು. ಆಶಾಲತಾರ ಬಾಯಿಯನ್ನು ತಲೆಗೆ ಹೊದ್ದ ತಮ್ಮ ತಟ್ಟದ ತುದಿಯಿಂದ ಒರೆಸಿದರು.

"ಕುಡಿದಾಯ್ತಲ್ಲ ಅಮ್ಮ? ಇನ್ನು ಏಳಿ. ಅದು ನನ್ನ ಹಾಸಿಗೆ."

ಅದರಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವ ಧ್ವನಿ ಅದು. ಆಶಾಲತಾ ಎದ್ದು ನಿಂತರು. ಕೂರು ಎಂದರು ರೋಹಿದಾಸ. ಅವರು ಕೂರಲಿಲ್ಲ. ನನಗೆ ಈಗ ಪರವಾಗಿಲ್ಲ, ಹೊಟ್ಟೆ ತುಂಬಿದೆ ಎಂದರು. ಆಗಲೂ ಸತ್ಯವನ್ನೇ ಹೇಳಿದರು.

ರೋಹಿದಾಸ ಬೇಗ ಬೇಗ ಮಾತಾಡಿದರು. ಇವರಿಗೂ ಹಸಿವು ಬಹಳ, ಹೇಳಲು ನಾಚಿಕೆ, ಮರುಪ್ರಶ್ನೆ ಇವರಿಗೇ ಮಾಡಿ ಎಂದರು. ರಾನ್ಸನ್ ಒಳ್ಳೆಯ ಮನುಷ್ಯ. ‘ಸ್ವಯಂಸೇವಕಿ’ ಎಂದು ಬರೆದದ್ದನ್ನು ಅಳಿಸಿದರು. ಅಮ್ಮ, ನೀವು ಹೌದೆಂದು ತಲೆ ಅಲ್ಲಾಡಿಸಿದರೂ ಸಾಕು, ಹದಿನೆಂಟು ಹಾಕುತ್ತೇನೆ ಎಂದರು. ಕೋಣೆಯಲ್ಲಿ ಎಲ್ಲರೂ ಸುಬೈದಾರ ತಲೆಯನ್ನು ನೋಡಿದೆವು. ಒಮ್ಮೆ ಅಲ್ಲಾಡಿಸಲಿ ಎಂದು ನಾನು ಪ್ರಾರ್ಥಿಸಿದೆ. ಪ್ರಾರ್ಥಿಸುವ ಅಭ್ಯಾಸ ನನಗಿಲ್ಲ.

ತಲೆ ಅಲ್ಲಾಡಲಿಲ್ಲ.

"ಹತ್ತೊಂಬತ್ತು ವರ್ಷ ಈ ಊರಿನ ನೆಲ ಒರೆಸಿದೆ. ಉಂಡೆಯಾಂತ ಒಬ್ಬರೂ ಕೇಳ್ಲಿಲ್ಲ. ಈಗ ನನ್ನ ಹಾಸಿಗೆಗೆ ನಾನೇ ಪರೀಕ್ಷೆ ಬರೀಬೇಕಾ? ಕೆಲಸ ಮಾಡಿಸಿ ಬೀದಿಗೆ ಹಾಕಿದ್ದು ಯಾರೂಂತ ನಿನ್ನ ಒಂಬತ್ತು ಪ್ರಶ್ನೆಯಲ್ಲಿ ಉಂಟಾ ಮಗಾ?"

ಇಲ್ಲವೆಂದರು ರಾನ್ಸನ್. ಪರದೆಯನ್ನು ಕೆಳಗೆ ಮೇಲೆ ಸರಿಸಿ ನೋಡಿಯೇ ಹೇಳಿದರು.

"ಹಾಗಾದ್ರೆ ಆ ಪ್ರಶ್ನೆಗಳನ್ನು ಆಚೆ ಇಡು. ನನಗೆ ಹಾಸಿಗೆ ಬೇಕು. ಹಸಿವನ್ನು ಮಾರುದಿಲ್ಲ."

ಮಡಿಸುವ ಹಾಸನ್ನು ಎತ್ತಿ ಚಾಲಕನ ಕೈಗೆ ಕೊಟ್ಟರು. ತಲೆದಿಂಬನ್ನು ಆಶಾಲತಾರ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟು, ಒಂದು ಮಂಡಿಯನ್ನು ಕೈಯಿಂದ ಎತ್ತಿ ಮೇಲಿಟ್ಟು, ಇನ್ನೊಂದನ್ನು ಎತ್ತಿ ಮೇಲಿಟ್ಟು, ಹೊರಗಿನ ನಾಲ್ಕು ಜನರ ಎದುರು, ಹಗಲು ಹನ್ನೊಂದು ಗಂಟೆಗೆ, ಉದ್ದಕ್ಕೆ ಮಲಗಿದರು. ಗಂಡಸರ ಮುಂದೆ ಅವರು ಕುಳಿತದ್ದನ್ನೂ ನಾನು ಅದುವರೆಗೆ ಕಂಡಿರಲಿಲ್ಲ.

ರೋಹಿದಾಸ ನನ್ನ ಕಡೆ ತಿರುಗಿದರು. ಸಮೀಕ್ಷೆ ಮಾಡಿದವಳು ನಾನಾದ್ದರಿಂದ ಪಟ್ಟಿಯನ್ನು ನಾನು ದೃಢೀಕರಿಸಬೇಕಿತ್ತು. ಪರದೆಯ ಮೇಲೆ ಒಂದು ಬೆರಳು ಒತ್ತಿದರೆ ಮುಗಿಯಿತು. ರಾನ್ಸನ್ ಟ್ಯಾಬ್ಲೆಟ್ ಚಾಚಿದರು. ಹಾಸಿಗೆ ನಾಲ್ಕು, ಆಶಾಲತಾ ರೋಹಿದಾಸ, ವಾಸವಿದ್ದಾರೆ. ನಾನು ಓದಿದೆ. ಹಾಸಿಗೆಯನ್ನು ನೋಡಿದೆ. ಪುನಃ ಓದಿದೆ. ಪ್ರಯೋಗಾಲಯದಲ್ಲಿ ಇಂಥ ದೋಷಕ್ಕೆ ಇಡೀ ಪರೀಕ್ಷೆಯನ್ನೇ ರದ್ದು ಮಾಡುತ್ತಿದ್ದೆವು.

"ಈ ಅಳತೆ ತಪ್ಪು," ಎಂದೆ. "ಅರವತ್ತಮೂರನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

"ನಿನ್ನ ಹದಿಮೂರೂ ಹೋಗ್ತದೆ ನವ್ಯಾ," ಎಂದರು ರೋಹಿದಾಸ. "ಐದನೇ ಹಾಸಿಗೆ ನಿನಗೆ ಕೊಟ್ಟದ್ದು ಯಾರು?"

ನಾನು ಏಣಿ ಹತ್ತಿದೆ. ಐದನೆಯ ಹಾಸಿಗೆಯಲ್ಲಿ ಮಲಗಿದೆ. ಎದುರಿನ ಮಂಚದಲ್ಲಿ ಶಮೀಲಾ ಕಾಲು ಮೇಲೆಳೆದುಕೊಂಡ ಸದ್ದು ಕೇಳಿತು. ಆಮೇಲೆ ಇನ್ನೊಬ್ಬಳು. ಆಮೇಲೆ ಉಳಿದಿಬ್ಬರು. ಯಾರೂ ಏನೂ ಮಾತಾಡಿಕೊಂಡಿರಲಿಲ್ಲ.

ಆರು ಹಾಸಿಗೆಯಲ್ಲಿ ಆರು ಹೆಂಗಸರು ಮಲಗಿದ್ದೆವು. ಅಧ್ಯಕ್ಷರು ನಿಂತಿದ್ದರು. ಅಧಿಕಾರಿ ನಿಂತಿದ್ದರು. ತಲೆದಿಂಬನ್ನು ಅಪ್ಪಿಕೊಂಡು ಆಶಾಲತಾ ನಿಂತಿದ್ದರು. ಅನುದಾನ ಉಳಿಯುತ್ತದೆಯೋ ಹೋಗುತ್ತದೆಯೋ, ಹಾರಿಸ್ ಸಂಜೆ ಯಾವ ಪಟ್ಟಿ ಹಿಡಿದು ಬರುತ್ತಾನೋ, ನಮಗೆ ಯಾರಿಗೂ ಗೊತ್ತಿರಲಿಲ್ಲ.

ರಾನ್ಸನ್ ಪರದೆ ಒತ್ತಿ ನೋಡಿದರು. ಒಂದು ಸಾಲು ತುಂಬದೆ ಮುಂದಕ್ಕೆ ಹೋಗುವುದಿಲ್ಲ ಎಂದರು. ಯಾರನ್ನು ಕೇಳಬೇಕೆಂದು ತಿಳಿಯದೆ, ಕೊನೆಗೆ ಬಗ್ಗಿ ಸುಬೈದಾರನ್ನೇ ಕೇಳಿದರು. ನಾಲ್ಕನೆಯ ಹಾಸಿಗೆಗೆ ಏನೆಂದು ಬರೆಯಲಿ?

ಸುಬೈದಾ ಕಣ್ಣು ಮುಚ್ಚಿದ್ದರು. ಮಗ್ಗುಲು ಬದಲಿಸಿದರು.

"ಖಾಲಿ ಇಲ್ಲಾಂತ ಬರಿ."